‘ಬರೀ ತಲೆಸುತ್ತು’ ಎಂಬ ತೀರ್ಪು

ನಮ್ಮ ಮನೆಗಳಲ್ಲಿ ಅತ್ಯಂತ ಸಲೀಸಾಗಿ ತಳ್ಳಿಹಾಕಲಾಗುವ ದೂರು ಯಾವುದೆಂದು ಕೇಳಿದರೆ, ತಲೆಸುತ್ತು ಎಂದು ನಾನು ತಡೆಯದೆ ಹೇಳುತ್ತೇನೆ. ಜ್ವರಕ್ಕೆ ಥರ್ಮಾಮೀಟರಿನ ಸಾಕ್ಷಿಯಿದೆ, ಮುರಿದ ಕೈಗೆ ಪ್ಲಾಸ್ಟರಿನ ಸಾಕ್ಷಿಯಿದೆ. ತಲೆಸುತ್ತಿಗೆ ಇರುವುದು ಅನುಭವಿಸುವವರ ಬಾಯಿಮಾತು ಮಾತ್ರ. ಆ ಮಾತಿಗೆ ಉತ್ತರಗಳು ಮೊದಲೇ ಸಿದ್ಧವಾಗಿರುತ್ತವೆ: ಪಿತ್ತ ಏರಿರಬೇಕು, ಹೊಟ್ಟೆ ಖಾಲಿಯಿರಬೇಕು, ಒಂದು ಲೋಟ ನಿಂಬೆಹಣ್ಣಿನ ಪಾನಕ ಕುಡಿದು ಮಲಗು. ಹೆಣ್ಣಿನ ತಲೆಸುತ್ತಿಗಂತೂ ವಯಸ್ಸಿಗೊಂದು ಅರ್ಥ. ಮದುವೆಯಾದ ಹೊಸತರಲ್ಲಿ ಅದು ಸಿಹಿಸುದ್ದಿ. ನಲವತ್ತು ದಾಟಿದ ಮೇಲೆ ಮುಟ್ಟು ನಿಲ್ಲುವ ಕಾಲದ ಕಾಟ. ಹಳೆಯ ಸಿನಿಮಾಗಳಲ್ಲಿ ನಾಯಕಿ ತಲೆ ತಿರುಗಿ ಬಿದ್ದರೆ ವೈದ್ಯರು ನಾಡಿ ಹಿಡಿದು ಮುಗುಳ್ನಗುತ್ತಾರೆ.

ಹಲವು ಸಲ ಈ ಉತ್ತರಗಳು ಸರಿಯಾಗಿಯೂ ಇರಬಹುದು. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ತಲೆಸುತ್ತಿಗೂ ಇದೇ ಉತ್ತರ ಸಿಗುತ್ತದೆ ಎಂಬುದು ನನ್ನ ತಕರಾರು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಿ, ಅದೂ ದುಡಿಯುವ ವಯಸ್ಸಿನಲ್ಲೇ ಕಾಣಿಸಿಕೊಳ್ಳುವ ಕಾಯಿಲೆ ಇದು. ಹನ್ನೊಂದು ವರ್ಷಗಳಿಂದ ಅದರೊಡನೆ ಮುಂಬಯಿಯಲ್ಲಿ ಬಾಳುತ್ತಿರುವವಳಾಗಿ ಹೇಳುತ್ತೇನೆ: ಕಾಲಿನ ಬಲಹೀನತೆಯನ್ನು ಜನ ನಂಬುತ್ತಾರೆ, ಕಣ್ಣಿನ ಮಂಜನ್ನೂ ನಂಬುತ್ತಾರೆ. ತಲೆಸುತ್ತನ್ನು ಮಾತ್ರ ವಿಚಾರಣೆಗೆ ನಿಲ್ಲಿಸುತ್ತಾರೆ.

ಏನಿದು ತಲೆಸುತ್ತು? ನಾವು ನೆಟ್ಟಗೆ ನಿಲ್ಲುವುದು ಮೂರು ಸಾಕ್ಷಿಗಳ ಬಲದಿಂದ. ಕಣ್ಣು ಒಂದು, ಒಳಕಿವಿಯ ಸಮತೋಲನದ ಅಂಗ ಇನ್ನೊಂದು, ಅಂಗಾಲು ಮತ್ತು ಕೀಲುಗಳಿಂದ ಬರುವ ಸ್ಪರ್ಶದ ಸುದ್ದಿ ಮೂರನೆಯದು. ಮಿದುಳುಕಾಂಡ ಮತ್ತು ಕಿರುಮಿದುಳು ಈ ಮೂರನ್ನೂ ಹೊಂದಿಸಿ ನೋಡುತ್ತವೆ. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಕೋ ಸ್ಪಷ್ಟವಾಗಿ ವಿವರಿಸಿದ ಈ ಕಾಯಿಲೆಯಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯೇ ನರತಂತುಗಳ ಮಯಲಿನ್ ಎಂಬ ಹೊದಿಕೆಯನ್ನು ಸುಲಿಯುತ್ತದೆ. ಸುದ್ದಿ ತಡವಾಗಿ ತಲುಪುತ್ತದೆ, ಇಲ್ಲವೇ ಕೆಟ್ಟು ತಲುಪುತ್ತದೆ. ಗಾಯ ಮಿದುಳುಕಾಂಡದಲ್ಲೋ ಕಿರುಮಿದುಳಿನಲ್ಲೋ ಆದಾಗ ಸಾಕ್ಷಿಗಳ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಗೋಡೆ ನಿಂತಿದೆ ಎಂದು ಬುದ್ಧಿಗೆ ಗೊತ್ತು. ಆದರೂ ಗೋಡೆ ಸರಿಯುತ್ತದೆ, ನೆಲ ದೋಣಿಯಂತೆ ಓಲುತ್ತದೆ. ಇಷ್ಟು ದೊಡ್ಡ ಸಂಗತಿಯ ಮುಂದೆ ‘ಬರೀ’ ಎಂಬ ವಿಶೇಷಣವನ್ನು ಇಡುವ ಧೈರ್ಯ ನಮಗೆ ಎಲ್ಲಿಂದ ಬಂತು?

ಹೊರನಾಡಿನಲ್ಲಿರುವ ನಮಗೆ ಇದರೊಡನೆ ಭಾಷೆಯ ತೊಡಕೂ ಸೇರಿಕೊಂಡಿದೆ. ಕನ್ನಡದಲ್ಲಿ ಈ ಅನುಭವಗಳಿಗೆ ಬೇರೆ ಬೇರೆ ಮಾತುಗಳಿವೆ. ಸುತ್ತಲಿನದು ಗಿರ್ರನೆ ತಿರುಗಿದರೆ ತಲೆಸುತ್ತು. ಪ್ರಜ್ಞೆ ಜಾರುವಂತಾದರೆ ಬವಳಿ. ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಕವಿಯುವುದು ಬೇರೆ, ನಡೆಯುವಾಗಿನ ತೂರಾಟ ಬೇರೆ. ಇಲ್ಲಿನ ಆಸ್ಪತ್ರೆಯ ಮೇಜಿನ ಮುಂದೆ ಕುಳಿತಾಗ ಇವೆಲ್ಲವೂ ‘ಚಕ್ಕರ್’ ಎಂಬ ಒಂದೇ ಪದದೊಳಗೆ ಕುಸಿಯುತ್ತವೆ. ವೈದ್ಯರು ಒಂದು ಪದ ಕೇಳಿ ಒಂದು ಮಾತ್ರೆ ಬರೆಯುತ್ತಾರೆ. ಆದ್ದರಿಂದ ಪದಕ್ಕಿಂತ ವಿವರವನ್ನು ಕೊಂಡೊಯ್ಯಬೇಕು ಎಂಬುದು ನನ್ನ ವಾದ: ಎಷ್ಟು ಹೊತ್ತು ಇರುತ್ತದೆ, ಕ್ಷಣಗಳೋ ದಿನಗಳೋ, ಯಾವಾಗ ಬರುತ್ತದೆ, ಮಗ್ಗುಲು ಬದಲಿಸಿದಾಗಲೋ, ಸುಮ್ಮನೆ ಕುಳಿತಾಗಲೋ, ಜೊತೆಗೆ ಎರಡೆರಡಾಗಿ ಕಾಣುತ್ತದೆಯೋ, ಮಾತು ತೊದಲುತ್ತದೆಯೋ.

ವೈದ್ಯಲೋಕದ ಮೇಲೂ ನನಗೆ ಎರಡು ದೂರುಗಳಿವೆ. ಎಂ.ಎಸ್. ಎಂಬ ಹೆಸರು ಕಡತಕ್ಕೆ ಸೇರಿದೊಡನೆ ಎಲ್ಲ ತಲೆಸುತ್ತನ್ನೂ ಅದರ ಖಾತೆಗೆ ಬರೆದು ಕೈತೊಳೆದುಕೊಳ್ಳುವುದು ಮೊದಲನೆಯದು. ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳು ತಮ್ಮ ಜಾಗ ಬಿಟ್ಟು ಜಾರಿದರೂ ಮಗ್ಗುಲಾದಾಗಲೆಲ್ಲ ಜಗತ್ತು ತಿರುಗುತ್ತದೆ, ಎಂ.ಎಸ್. ಇರುವವರಿಗೂ ಇದು ಬರುತ್ತದೆ. ರೋಗಿಯನ್ನು ಮಲಗಿಸಿ, ತಲೆಯನ್ನು ಒಂದು ಕಡೆ ಹೊರಳಿಸಿ, ಕಣ್ಣಿನ ಚಲನೆಯನ್ನು ಗಮನಿಸುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಹರಳುಗಳನ್ನು ಮರಳಿ ಸ್ವಸ್ಥಾನಕ್ಕೆ ಸೇರಿಸುವ ಎಪ್ಲಿ ಕ್ರಮಕ್ಕೆ ಹಿಡಿಯುವುದು ಕೆಲವೇ ನಿಮಿಷ. ಅಷ್ಟನ್ನೂ ಮಾಡದೆ ರೋಗಿಯನ್ನು ತಿಂಗಳುಗಟ್ಟಲೆ ನರಳಿಸುವುದಕ್ಕೆ ಕ್ಷಮೆಯಿಲ್ಲ. ಎರಡನೆಯ ದೂರು, ತಲೆಸುತ್ತನ್ನು ಅದುಮುವ ಮಾತ್ರೆಗಳನ್ನು ಅವಧಿಯಿಲ್ಲದೆ ಮುಂದುವರಿಸುವುದು. ತೀವ್ರವಾದ ಮೊದಲ ದಿನಗಳಲ್ಲಿ ಅವು ಆಸರೆ. ದೀರ್ಘಕಾಲ ನುಂಗಿದರೆ, ಏರುಪೇರಿಗೆ ಹೊಂದಿಕೊಳ್ಳಲು ಮಿದುಳು ನಡೆಸುವ ಪ್ರಯತ್ನಕ್ಕೇ ಅಡ್ಡಿ. ಕಣ್ಣು ಮತ್ತು ತಲೆಯ ಚಲನೆಗಳನ್ನು ಹಂತಹಂತವಾಗಿ ಪಳಗಿಸುವ ಸಮತೋಲನದ ವ್ಯಾಯಾಮಗಳನ್ನು ಮಾತ್ರೆಯಷ್ಟೇ ಸಹಜವಾಗಿ ಚೀಟಿಯಲ್ಲಿ ಬರೆಯಬೇಕು. ಇನ್ನು, ಹೊಸದಾಗಿ ಬಂದ ತಲೆಸುತ್ತು 24 ಗಂಟೆ ಕಳೆದರೂ ಬಿಡದಿದ್ದರೆ ಅದು ಕಾಯಿಲೆಯ ಮರುಕಳಿಕೆ ಇರಬಹುದು. ಆಗ ಪಾನಕ ಕುಡಿದು ಕಾಯುವುದು ತರವಲ್ಲ, ನರರೋಗ ತಜ್ಞರಿಗೆ ತಿಳಿಸಲೇಬೇಕು. ಜೊತೆಗೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಕಾನೂನಿನ ಕಡೆಗೆ ನೋಡೋಣ. 1995ರ ಅಂಗವಿಕಲರ ಕಾಯಿದೆಯಲ್ಲಿ ಇದ್ದದ್ದು ಏಳು ವರ್ಗಗಳು. ಅಲ್ಲಿ ನಮಗೆ ಹೆಸರಿರಲಿಲ್ಲ. 2016ರ ಕಾಯಿದೆ ಪಟ್ಟಿಯನ್ನು 21ಕ್ಕೆ ಏರಿಸಿ ಮಲ್ಟಿಪಲ್ ಸ್ಕ್ಲೆರೋಸಿಸನ್ನು ಹೆಸರಿಸಿಯೇ ಸೇರಿಸಿತು. ಅದು ದೊಡ್ಡ ಗೆಲುವು, ನಿಜ. ಆದರೆ ಮುಖ್ಯ ಸವಲತ್ತುಗಳಿಗೆ ಶೇಕಡ 40ರ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ತಪಾಸಣೆಯ ದಿನ ನೆಲ ಅಲುಗದೆ ನಿಂತಿದ್ದರೆ ತಲೆಸುತ್ತನ್ನು ಯಾವ ಕೋಲಿನಿಂದ ಅಳೆಯುವುದು? ಜಗತ್ತಿನಾದ್ಯಂತ ಈ ಕಾಯಿಲೆಯ ತೀವ್ರತೆಯನ್ನು ಅಳೆಯಲು ಬಳಸುವ, 1983ರಲ್ಲಿ ಕುರ್ಟ್ಸ್ಕೆ ರೂಪಿಸಿದ 0ರಿಂದ 10ರವರೆಗಿನ ಮಾಪಕವೂ ನಡುವಿನ ಮೆಟ್ಟಿಲುಗಳಲ್ಲಿ ಮುಖ್ಯವಾಗಿ ಕೇಳುವುದು ಎಷ್ಟು ಮೀಟರು ನಡೆಯಬಲ್ಲೆ ಎಂಬುದನ್ನು. ವಿಮೆಯ ಗಂಭೀರ ಕಾಯಿಲೆಗಳ ಪ್ರಮಾಣಿತ ವ್ಯಾಖ್ಯೆಯಂತೂ ಚಲನೆಯ ಅಥವಾ ಸಂವೇದನೆಯ ಊನ ಕನಿಷ್ಠ 6 ತಿಂಗಳು ಎಡೆಬಿಡದೆ ಉಳಿದಿರಬೇಕು ಎನ್ನುತ್ತದೆ. ಬಂದು ಹೋಗಿ ಮತ್ತೆ ಬರುವುದೇ ಸ್ವಭಾವವಾದ ಕಾಯಿಲೆಗೆ ಎಡೆಬಿಡದಿರುವ ಷರತ್ತು! ಮಳೆ ಆರು ತಿಂಗಳು ನಿಲ್ಲದೆ ಸುರಿದರೆ ಮಾತ್ರ ಸೂರು ಸೋರಿದ್ದನ್ನು ಒಪ್ಪುತ್ತೇವೆ ಎಂದಂತಾಯಿತು.

ಊರಿನ ಬೀದಿಯಲ್ಲಿ ಈ ಅಳತೆಗೋಲು ಇನ್ನಷ್ಟು ಒರಟು. ಲೋಕಲ್ ರೈಲು ನಿಲ್ದಾಣದಲ್ಲಿ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ಅಂಗವಿಕಲರ ಡಬ್ಬಿ ಹತ್ತಿದರೆ ‘ಕೈಕಾಲು ನೆಟ್ಟಗಿವೆಯಲ್ಲ’ ಎಂಬ ನೋಟ. ಪ್ಲಾಟ್‌ಫಾರ್ಮಿನಲ್ಲಿ ತೂರಾಡಿದರೆ ‘ಕುಡಿದಿದ್ದಾಳೆ’ ಎಂಬ ಪಿಸುಮಾತು. ನಾನು ದುಡಿಯುತ್ತಿದ್ದ ಕಚೇರಿಯೊಂದರಲ್ಲಿ, ಬೇಸಗೆಯ ಎರಡು ತಿಂಗಳು ಮನೆಯಿಂದ ಕೆಲಸ ಮಾಡಲು ಅನುಮತಿ ಕೇಳಿದಾಗ, ‘ಬಿಸಿಲು ಎಲ್ಲರಿಗೂ ಒಂದೇ’ ಎಂಬ ಉತ್ತರ ಬಂತು. ಒಂದೇ ಅಲ್ಲ. ಮೈಯ ಶಾಖ ಸ್ವಲ್ಪ ಏರಿದರೂ ಹೊದಿಕೆ ಸವೆದ ನರಗಳಲ್ಲಿ ಸುದ್ದಿ ತಡವರಿಸುತ್ತದೆ ಎಂಬುದರ ಸುಳಿವನ್ನು ಜರ್ಮನಿಯ ಉಥಾಫ್ 1890ರಷ್ಟು ಹಿಂದೆಯೇ ಗುರುತಿಸಿದ್ದ. ಚೆನ್ನೈ, ಹೈದರಾಬಾದಿನ ಮೇ ತಿಂಗಳು ಉಳಿದವರಿಗೆ ಬೆವರು. ನಮಗೆ ತಪ್ಪುವ ಹೆಜ್ಜೆ.

ಎದುರುವಾದ ಒಂದಿದೆ: ತಲೆಸುತ್ತು ಯಾರಿಗಿಲ್ಲ? ಹೇಳಿದವರ ಮಾತನ್ನೆಲ್ಲ ನಂಬಿದರೆ ಕೆಲಸ ನಡೆಯುವುದು ಹೇಗೆ? ಉತ್ತರ ಸರಳ. ಇಲ್ಲಿ ರೋಗ ನಿರ್ಣಯ ಬಾಯಿಮಾತಿನ ಮೇಲೆ ನಿಂತಿಲ್ಲ; ಎಂ.ಆರ್.ಐ. ಚಿತ್ರವಿದೆ, ತಜ್ಞರ ಸಹಿಯಿದೆ. ಅದನ್ನು ಒಪ್ಪಿಕೊಂಡ ಮೇಲೆ ಅದರದೇ ಲಕ್ಷಣವನ್ನು ನಟನೆಯೆಂದು ಶಂಕಿಸುವುದು ಬೆಂಕಿಯನ್ನು ಒಪ್ಪಿ ಹೊಗೆಯನ್ನು ಅಲ್ಲಗಳೆದಂತೆ. ಇನ್ನು ಕೆಲವರು ಮನೋಬಲದ ಉಪದೇಶ ಮಾಡುತ್ತಾರೆ. ಮನೋಬಲ ನಮ್ಮಲ್ಲಿ ಬೇಕಾದಷ್ಟಿದೆ; ಪ್ರತಿ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವಾಗ ಅದರ ಖರ್ಚು ಆಗಿಯೇ ಆಗುತ್ತದೆ. ನಮಗಿಲ್ಲದಿರುವುದು ಮೆಟ್ಟಿಲ ಪಕ್ಕದ ಹಿಡಿಕಂಬಿ.

ಬೇಡಿಕೆಗಳು ಚಿಕ್ಕವು. ಪ್ರಮಾಣಪತ್ರ ಕೊಡುವವರು ಒಂದು ದಿನದ ನಡಿಗೆಯ ಜೊತೆಗೆ ಒಂದು ವರ್ಷದ ಚಿಕಿತ್ಸಾ ದಾಖಲೆಯನ್ನೂ ಓದಲಿ. ವಿಮೆಯವರು ‘ಎಡೆಬಿಡದೆ’ ಎಂಬ ಪದವನ್ನು ತೆಗೆಯಲಿ. ನಮ್ಮ ಕನ್ನಡ ಸಂಘಗಳೂ ಇದರಿಂದ ಹೊರತಲ್ಲ: ಲಿಫ್ಟಿಲ್ಲದ ಮೂರನೆಯ ಮಹಡಿಯಲ್ಲಿ ರಾಜ್ಯೋತ್ಸವ ನಡೆಸಿ, ವೇದಿಕೆಯ ಮೇಲೆ ಮಿನುಗುವ ದೀಪಗಳನ್ನು ಹಾರಿಸಿ, ಆಮೇಲೆ ‘ನೀವು ಈಚೆಗೆ ಬರುವುದೇ ಇಲ್ಲ’ ಎಂದು ಆಕ್ಷೇಪಿಸುವುದು ನ್ಯಾಯವಲ್ಲ. ಗೋಡೆಯ ಪಕ್ಕ ಕೈಯಿರುವ ಎರಡು ಕುರ್ಚಿಗಳು, ಕಣ್ಣು ಕುಕ್ಕದ ಬೆಳಕು, ನಡುವೆ ಎದ್ದು ಹೋದರೆ ಕಾರಣ ಕೇಳದ ಸೌಜನ್ಯ, ಇಷ್ಟು ಸಾಕು. ಮನೆಯವರು ಮಾಡಬೇಕಾದದ್ದು ಇದಕ್ಕಿಂತಲೂ ಕಡಿಮೆ: ಮುಂದಿನ ಸಲ ಅವಳು ತಲೆ ಸುತ್ತುತ್ತಿದೆ ಎಂದಾಗ ಪಿತ್ತದ ಮಾತೆತ್ತುವ ಮೊದಲು ಕೈ ನೀಡಿ, ಮತ್ತು ಎಷ್ಟು ಹೊತ್ತಿನಿಂದ ಎಂದು ಕೇಳಿ.