ಏಪ್ರನ್ ತರಬೇಡ, ಒಗೆಯಲು ಕಲಿತು ಬಾ

ಕಳೆದ ತಿಂಗಳು ಅಕ್ಕನ ಮಗಳನ್ನು ಹೀಥ್ರೂ ವಿಮಾನ ನಿಲ್ದಾಣದಿಂದ ಹೌನ್ಸ್ಲೋದ ನಮ್ಮ ಮನೆಗೆ ಕರೆತಂದೆ. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯೆಯಾಗಿ ಸೇರಲು ಬಂದವಳು. ಸೂಟ್‌ಕೇಸ್ ಬಿಚ್ಚಿದಾಗ ಚಟ್ನಿಪುಡಿ, ಮೆಂತ್ಯದ ಹಿಟ್ಟುಗಳ ಪೊಟ್ಟಣಗಳ ಮೇಲೆ, ಇಸ್ತ್ರಿಯ ಮಡಿಕೆ ಕೂಡ ಮುರಿಯದ ಐದು ಬಿಳಿಯ ಏಪ್ರನ್‌ಗಳಿದ್ದವು. ಪ್ರತಿಯೊಂದರ ಜೇಬಿನ ಮೇಲೂ ನೀಲಿ ದಾರದಲ್ಲಿ ಅವಳ ಹೆಸರಿನ ಕಸೂತಿ. “ಅಮ್ಮ ದಾವಣಗೆರೆಯಲ್ಲಿ ಹೇಳಿ ಹೊಲಿಸಿದ್ದು ಮಾವ, ಇಲ್ಲಿನ ಬೇಸಿಗೆಗೆ ಇರಲಿ ಅಂತ ತೆಳು ಬಟ್ಟೆ,” ಎಂದಳು. ಇಂಗ್ಲೆಂಡಿನ ವಾರ್ಡುಗಳಲ್ಲಿ ವೈದ್ಯರು ಬಿಳಿ ಕೋಟು ತೊಡುವುದಿಲ್ಲವೆಂಬ ಮಾತು ಆ ಕ್ಷಣದಲ್ಲಿ ನನ್ನ ಬಾಯಿಂದ ಹೊರಡಲಿಲ್ಲ. ಹೇಳಲು ಎರಡು ದಿನ ಬೇಕಾಯಿತು.

ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಇಲ್ಲಿಯೂ ಅದನ್ನು ತೊಡುತ್ತಿದ್ದೆವು. 2007ರ ಸೆಪ್ಟೆಂಬರಿನಲ್ಲಿ ಆರೋಗ್ಯ ಇಲಾಖೆ ಸಮವಸ್ತ್ರಗಳ ಕುರಿತು ಹೊಸ ಮಾರ್ಗಸೂಚಿ ಹೊರಡಿಸಿತು. 2008ರ ಆರಂಭದಿಂದ ಉದ್ದ ತೋಳಿನ ಬಿಳಿ ಕೋಟು ವಾರ್ಡುಗಳಿಂದ ನಿರ್ಗಮಿಸಿತು. ರೋಗಿಯನ್ನು ಮುಟ್ಟುವವರ ಮೊಣಕೈಯಿಂದ ಕೆಳಗೆ ತೋಳು, ಗಡಿಯಾರ, ಬಳೆ ಯಾವುದೂ ಇರಕೂಡದು. ಕೆತ್ತನೆಯಿಲ್ಲದ ಸರಳ ಉಂಗುರವೊಂದಕ್ಕೆ ಮಾತ್ರ ವಿನಾಯಿತಿ. (ಮದುವೆಯಾದ ಹೆಣ್ಣುಮಕ್ಕಳ ಬರಿಗೈ ಕಂಡು ವಿಡಿಯೊ ಕರೆಯಲ್ಲಿ ಕಳವಳಗೊಳ್ಳುವ ಅತ್ತೆಯಂದಿರು ಇದನ್ನು ದಯವಿಟ್ಟು ಗಮನಿಸಬೇಕು.) ಬಟ್ಟೆಯಿಂದಲೇ ಸೋಂಕು ಹರಡುತ್ತದೆಂಬುದಕ್ಕೆ ನಿರ್ಣಾಯಕ ಪುರಾವೆಯಿಲ್ಲವೆಂದು ಅದೇ ಮಾರ್ಗಸೂಚಿ ಪ್ರಾಮಾಣಿಕವಾಗಿ ಒಪ್ಪಿಕೊಂಡಿತ್ತು. ಆದರೂ ಕೋಟಿನ ತೋಳಂಚು ಹಾಸಿಗೆಯಿಂದ ಹಾಸಿಗೆಗೆ ಸವರುತ್ತ ಹೋಗುವುದನ್ನೂ, ತೋಳಿದ್ದವರು ಕೈಯನ್ನು ಮಣಿಕಟ್ಟಿನವರೆಗೆ ಸರಿಯಾಗಿ ತೊಳೆಯದಿರುವುದನ್ನೂ ಕಂಡವರಿಗೆ ಆ ನಿರ್ಧಾರದ ವಿವೇಕ ಅರ್ಥವಾಗುತ್ತಿತ್ತು.

ಊರಿಗೆ ಫೋನ್ ಮಾಡಿ ತಿಳಿಸಿದಾಗ ಅಪ್ಪ ನೊಂದುಕೊಂಡರು. “ಹಾಗಾದರೆ ನೀನು ಡಾಕ್ಟರೆಂದು ಜನ ಹೇಗೆ ಗುರುತಿಸುತ್ತಾರೋ?” ಎಂದು ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. 2013ರಲ್ಲಿ ಕೇಟ್ ಗ್ರೇಂಜರ್ ಎಂಬ ವೈದ್ಯೆ, ತಾವೇ ಕ್ಯಾನ್ಸರ್ ರೋಗಿಯಾಗಿ ಮಲಗಿದ್ದಾಗ ಬಂದವರು ಹೆಸರನ್ನೇ ಹೇಳದಿದ್ದುದನ್ನು ಕಂಡು, “ನಮಸ್ಕಾರ, ನನ್ನ ಹೆಸರು ಇಂಥದು” ಎಂದು ಮಾತು ಆರಂಭಿಸುವ ಅಭಿಯಾನವನ್ನು ಹುಟ್ಟುಹಾಕಿದರು. ಅಪ್ಪನ ಪ್ರಶ್ನೆಗೆ ನನಗೆ ದೊರೆತ ಉತ್ತರ ಅದು.

ಬಿಳಿ ಕೋಟನ್ನು ನಾನು ಸುಮ್ಮನೆ ಹೀಗಳೆಯುತ್ತಿಲ್ಲ. ನನ್ನ ತಪ್ಪನ್ನೂ ಹೇಳಬೇಕು. ಎಂಬಿಬಿಎಸ್ ಓದುತ್ತಿದ್ದಾಗ ನನ್ನ ಬಳಿ ಟೆರಿಕಾಟಿನ ಎರಡು ಏಪ್ರನ್‌ಗಳಿದ್ದವು. ತೊಡುತ್ತಿದ್ದುದು ಹೆಚ್ಚಾಗಿ ಒಂದನ್ನೇ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅಂಗಿಯ ಮೇಲೆ ಅದನ್ನು ಹಾಕಿಕೊಂಡು ವಾರ್ಡಿನಿಂದ ಕ್ಯಾಂಟೀನಿಗೆ, ಕ್ಯಾಂಟೀನಿನಿಂದ ರಸ್ತೆಯಾಚೆಯ ಚಹಾದಂಗಡಿಗೆ ಹೋಗುತ್ತಿದ್ದೆವು. ಸಂಜೆ ಬಸ್ಸಿನಲ್ಲಿ ಜನರಿಗೆ ಕಾಣುವಂತೆ ಮುಂಗೈಯ ಮೇಲೆ ಮಡಚಿಟ್ಟುಕೊಂಡರೆ ಹಿರಿಯರೂ ಜಾಗ ಬಿಡುತ್ತಿದ್ದರು. ಒಗೆಯಲು ಕೊಡುತ್ತಿದ್ದುದು ಹದಿನೈದು ದಿನಕ್ಕೊಮ್ಮೆ. ಬೆವರಿನಿಂದ ಹಳದಿಗಟ್ಟಿದ ಅದೇ ತೋಳಿನಲ್ಲಿ ಹೆರಿಗೆ ವಾರ್ಡಿನ ಹಸುಗೂಸುಗಳನ್ನು ಎತ್ತಿಕೊಂಡಿದ್ದೇನೆ. ಆ ಮಕ್ಕಳಿಗೆ ಏನಾದರೂ ಆಯಿತೇ ಎಂಬುದನ್ನು ತಿಳಿಯುವ ದಾರಿ ನನಗಿಲ್ಲ.

ಬಿಳಿಯ ಬಣ್ಣಕ್ಕಿರುವ ದೊಡ್ಡ ಗುಣವೆಂದರೆ ಕೊಳೆಯನ್ನು ಮರೆಮಾಚದಿರುವುದು. ಆ ಗುಣ ಫಲಿಸಬೇಕಾದರೆ ತೊಟ್ಟವನಿಗೆ ಒಗೆಯುವ ಹೊಣೆಯಿರಬೇಕು. ನಮಗೆ ಅದಿರಲಿಲ್ಲ. ನಮ್ಮೂರು ತುಂಗಭದ್ರೆಯ ದಡದ್ದು. ಅಪ್ಪನ ಪಂಚೆ, ಜುಬ್ಬಗಳನ್ನು ಬಿಳುಪಾಗಿಸುತ್ತಿದ್ದವರು ನಮ್ಮ ಕೇರಿಯ ಮಡಿವಾಳರು. ಸವಳು ಮಣ್ಣಿನ ನೀರಿನಲ್ಲಿ ಬಟ್ಟೆ ನೆನೆಸಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಹೊಳೆಯ ಕಲ್ಲಿಗೆ ಬಡಿದು, ಮರಳ ಮೇಲೆ ಬಿಸಿಲಿಗೆ ಹರವಿ, ಕೊನೆಗೆ ನೀಲಿ, ಗಂಜಿ, ಇದ್ದಿಲಿನ ಇಸ್ತ್ರಿ. ಇಂದು ವೈದ್ಯನಾಗಿ ನೋಡಿದರೆ ಕ್ಷಾರ, ಹಬೆ, ಬಿಸಿಲು ಮೂರೂ ಸೇರಿದ ಆ ಕ್ರಮ ನನ್ನ ಅಡುಗೆಮನೆಯ ಯಂತ್ರಕ್ಕಿಂತ ಕಠಿಣವಾದ ಶುದ್ಧೀಕರಣ. ಯಾರ ಮನೆಯ ಬಟ್ಟೆಯೆಂಬುದಕ್ಕೆ ಅವರು ಹಾಕುತ್ತಿದ್ದ ಕರಿಗೇರಿನ ಗುರುತೂ ವೈದ್ಯಗ್ರಂಥಗಳನ್ನು ಸೇರಿದೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ವಿದೇಶಿ ಸೈನಿಕರಿಗೆ ಆ ರಸ ತಗುಲಿ ಚರ್ಮ ಉರಿಯೆದ್ದಿತ್ತು.

ಆದರೆ ಆ ಮಡಿವಾಳರು ಗಂಟು ಹೊತ್ತು ಬರುತ್ತಿದ್ದುದು ನಮ್ಮ ಹಿತ್ತಿಲ ಬಾಗಿಲಿಗೆ. ಸುಗ್ಗಿಯಲ್ಲಿ ಮೊರದಷ್ಟು ಜೋಳ, ಹಬ್ಬಕ್ಕೆ ಒಂದಿಷ್ಟು ಅಡುಗೆ, ಅಷ್ಟೇ ಕೂಲಿ. ಅವರು ತಂದ ಬಟ್ಟೆ ಮಡಿ, ಅವರು ಮಾತ್ರ ಹೊಸ್ತಿಲಾಚೆ. ಹನ್ನೆರಡನೆಯ ಶತಮಾನದಲ್ಲೇ ಮಡಿವಾಳ ಮಾಚಿದೇವರಂಥ ಶರಣರನ್ನು ಕಂಡ ನಾಡು ನಮ್ಮದೆಂದು ಭಾಷಣಗಳಲ್ಲಿ ಹೇಳಿಕೊಳ್ಳುವ ನಾವು, ನಮ್ಮ ಮನೆಯ ಹಿತ್ತಿಲಿನಲ್ಲಿ ಹಾಗೆ ನಡೆದುಕೊಂಡೆವು. ನನ್ನ ಏಪ್ರನ್ನಿನ ಗೌರವದಲ್ಲಿ ಅವರ ಪಾಲೆಷ್ಟು ಎಂದು ನಾನು ಯೋಚಿಸಿದ್ದು, ಈ ದೇಶಕ್ಕೆ ಬಂದು ನನ್ನ ಬಟ್ಟೆಯನ್ನು ನಾನೇ ಒಗೆಯತೊಡಗಿದ ಮೇಲೆ.

ಅಪ್ಪ ಇಲ್ಲಿಗೆ ಬಂದದ್ದು 2022ರ ಬೇಸಿಗೆಯಲ್ಲಿ. ಜುಲೈ 19ರಂದು ಪಕ್ಕದ ಹೀಥ್ರೂವಿನಲ್ಲಿ ತಾಪಮಾನ 40.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಚಳಿಗಾಲಕ್ಕೆಂದು ಕಟ್ಟಿದ ಇಟ್ಟಿಗೆಯ ಮನೆ, ಸೂರಿಗೆ ಪಂಖವಿಲ್ಲ. ಪಂಚೆ, ಬನಿಯನ್‌ನಲ್ಲಿ ಕುಳಿತಿದ್ದ ಅಪ್ಪ ಒಬ್ಬರೇ ನಮ್ಮಲ್ಲಿ ನೆಮ್ಮದಿಯಾಗಿದ್ದರು. “ಬಿಳಿ ಬಟ್ಟೆ ಯಾಕೆ ಅಂತ ಈಗ ತಿಳಿಯಿತೇ?” ಎಂದರು. ಅದು ಅರ್ಧ ಸತ್ಯ. ಮರುಭೂಮಿಯ ಬೆಡೂಯಿನ್ ಜನರ ಕಪ್ಪು ನಿಲುವಂಗಿಯ ಕುರಿತು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಕಪ್ಪು ಬಟ್ಟೆ ಹೆಚ್ಚು ಬಿಸಿಲನ್ನು ಹೀರಿದರೂ ಸಡಿಲವಾಗಿದ್ದರೆ ಆ ಹೆಚ್ಚುವರಿ ಶಾಖ ಚರ್ಮವನ್ನು ತಲುಪುವುದಿಲ್ಲವೆಂದು ತೋರಿಸಿತು. ಅಪ್ಪನನ್ನು ಕಾಪಾಡಿದ್ದರಲ್ಲಿ ಪಂಚೆಯ ಬಿಳುಪಿಗಿಂತ ಅದರೊಳಗೆ ಆಡುತ್ತಿದ್ದ ಗಾಳಿಯ ಪಾಲು ದೊಡ್ಡದು. ತೆಳು ಬಿಳಿ ಹತ್ತಿಯ ಮೂಲಕ ಅತಿನೇರಳೆ ಕಿರಣಗಳು ಸಾಕಷ್ಟು ಹಾಯುತ್ತವೆ, ಒದ್ದೆಯಾದಾಗ ಇನ್ನೂ ಹೆಚ್ಚು. ಇದನ್ನೆಲ್ಲ ಆಗ ಹೇಳಲಿಲ್ಲ. ಎಂಬತ್ತು ದಾಟಿದವರೊಡನೆ 40 ಡಿಗ್ರಿಯಲ್ಲಿ ವಾದ ಮಾಡಬಾರದು.

ಮೂರು ವಾರಗಳಲ್ಲಿ ಆ ಪಂಚೆ ಬೂದಿಬಣ್ಣಕ್ಕೆ ತಿರುಗಿತು. ಸ್ನಾನದ ತೊಟ್ಟಿಯಲ್ಲಿ ಊರಿಂದ ತಂದ ಸಾಬೂನಿನಿಂದ ಅಪ್ಪ ತಾವೇ ಉಜ್ಜುತ್ತಿದ್ದರು. “ನಿಮ್ಮೂರ ನೀರಿಗೆ ನೊರೆಯೇ ಬರುವುದಿಲ್ಲ,” ಎಂದು ದೂರಿದರು. ಅವರ ಮಾತು ನಿಜ. ಸುಣ್ಣಕಲ್ಲಿನ ಪದರಗಳನ್ನು ಹಾದುಬರುವ ಲಂಡನ್ನಿನ ನೀರು ಗಡಸು; ಅದರ ಕ್ಯಾಲ್ಸಿಯಂ ಸಾಬೂನಿನೊಡನೆ ಕೂಡಿ ಜಿಗುಟಾದ ಕಲ್ಮಷವಾಗಿ ನೂಲಿಗೆ ಅಂಟುತ್ತದೆ. ಅಂಗಡಿಯಿಂದ ನೀಲಿ ತಂದುಕೊಟ್ಟೆ. ನೀಲಿ ಹಳದಿಯನ್ನು ಕಣ್ಣಿಗೆ ಮರೆಸುತ್ತದೆಯೇ ಹೊರತು ಕೊಳೆ ತೆಗೆಯುವುದಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಯಂತ್ರಕ್ಕೆ ಹಾಕುವ ಪುಡಿ. ಇಲ್ಲಿ ಸಿಗುವ ದ್ರವ ಮಾರ್ಜಕಗಳಲ್ಲಿ ಬಿಳುಪುಕಾರಕ ಇರುವುದಿಲ್ಲ, ಬಿಳಿ ಬಟ್ಟೆಗೆಂದೇ ಮಾರುವ ಪುಡಿಯಲ್ಲಿ ಇರುತ್ತದೆ. ಪೊಟ್ಟಣದ ಮೇಲೆ ಗಡಸು ನೀರಿಗೆಂದು ಮುದ್ರಿಸಿದ ಅಳತೆಯನ್ನೇ ಬಳಸಬೇಕು. ಕಂಕುಳಿನ ಹಳದಿ ಕಲೆಗೆ ಕ್ಲೋರಿನ್ ಬ್ಲೀಚ್ ಸುರಿದರೆ ಅದು ಇನ್ನಷ್ಟು ಕಡುವಾಗುತ್ತದೆ.

ಅಕ್ಕನ ಮಗಳಿಗೆ ಹೇಳಿದ್ದೂ ಇದನ್ನೇ. ಆಸ್ಪತ್ರೆಯ ಬಟ್ಟೆಯನ್ನು ಮನೆಯಲ್ಲಿ ಒಗೆಯಬೇಕಾಗಿ ಬಂದರೆ 60 ಡಿಗ್ರಿಯ ನೀರಿನಲ್ಲಿ ಕನಿಷ್ಠ 10 ನಿಮಿಷ. ಹೆಚ್ಚಿನ ಸೂಕ್ಷ್ಮಜೀವಿಗಳು ಅಷ್ಟಕ್ಕೆ ಹೋಗುತ್ತವೆಂದು ಮಾರ್ಗಸೂಚಿಯೇ ಹೇಳುತ್ತದೆ. ಯಂತ್ರವನ್ನು ಕಿಕ್ಕಿರಿಸಬಾರದು. ದಾದಿಯರಾಗಿ ಬರುವವರು ಸಮವಸ್ತ್ರವನ್ನು ಸ್ವಂತ ಖರ್ಚಿನಲ್ಲಿ ಒಗೆಯುತ್ತಿದ್ದರೆ, ವರ್ಷಕ್ಕೆ 125 ಪೌಂಡಿನ ಮೇಲೆ ತೆರಿಗೆ ರಿಯಾಯಿತಿ ಕೇಳಬಹುದು. ಶೇ 20ರ ದರದವರ ಕೈಗೆ ಬರುವುದು 25 ಪೌಂಡ್. ಸಣ್ಣ ಮೊತ್ತ ನಿಜ, ಆದರೆ ಒಗೆಯುವುದೂ ಕೆಲಸವೇ ಎಂದು ಸರ್ಕಾರವೊಂದು ಲೆಕ್ಕಪುಸ್ತಕದಲ್ಲಿ ಒಪ್ಪಿಕೊಂಡಿರುವುದು ನನಗೆ ಮೆಚ್ಚುಗೆಯಾಗುತ್ತದೆ.

ಕರ್ನಾಟಕದ ವೈದ್ಯಕೀಯ ಕಾಲೇಜುಗಳಿಗೆ ನನ್ನ ಅಭಿಪ್ರಾಯ ಇಷ್ಟೆ: ಏಪ್ರನ್ ಬೇಕೇಬೇಕೆಂದಾದರೆ ಅರ್ಧ ತೋಳಿನದನ್ನು ಆಸ್ಪತ್ರೆಯೇ ದಿನವೂ ಒಗೆಸಿಕೊಡಲಿ, ಒಗೆಯುವವರಿಗೆ ಗೌರವದ ಸಂಬಳ ಕೊಡಲಿ, ಅದು ಆಸ್ಪತ್ರೆಯ ಬಾಗಿಲು ದಾಟದಿರಲಿ. ಆಗದಿದ್ದರೆ ಬಿಟ್ಟುಬಿಡಲಿ. ಇಲ್ಲಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಯರು ಏಪ್ರನ್ನಿನ ಜಾಗದಲ್ಲಿ ಅರ್ಧ ತೋಳಿನ ಹತ್ತಿಯ ಅಂಗಿಗಳನ್ನು ಇಡಿ. ಗಂಡುಮಕ್ಕಳಿಗೂ ಒಗೆಯುವುದನ್ನು ಕಲಿಸಿ.

ಐದರಲ್ಲಿ ಮೂರು ಏಪ್ರನ್‌ಗಳು ಈಗ ನಮ್ಮ ಮನೆಯ ತಲೆದಿಂಬಿನ ಹೊದಿಕೆಗಳಾಗಿವೆ. ನಾಲ್ಕನೆಯದನ್ನು ತೊಟ್ಟು ಅವಳು ರೊಟ್ಟಿ ಬಡಿಯುತ್ತಾಳೆ. ಐದನೆಯದನ್ನು ಒಂದು ಭಾನುವಾರ ಹಿತ್ತಿಲ ತೋಟದಲ್ಲಿ, ಸ್ಟೆತಸ್ಕೋಪ್ ಕೊರಳಿಗೆ ಹಾಕಿಕೊಂಡು, ಫೋಟೊಕ್ಕಾಗಿ ತೊಟ್ಟಳು. ಆ ಫೋಟೊ ಅಕ್ಕನ ಮನೆಯ ಗೋಡೆ ಸೇರಿದೆಯಂತೆ. ಅಕ್ಕ ಈ ಅಂಕಣವನ್ನು ತಪ್ಪದೆ ಓದುತ್ತಾಳೆ. ಮುಖಾಮುಖಿ ಹೇಳುವ ಧೈರ್ಯವಿಲ್ಲದ್ದರಿಂದ ಇಲ್ಲಿ ಬರೆದಿದ್ದೇನೆ.