ಮಾರಿಷಸ್‌ನ ಲಾಭರಹಿತ ವಲಯ

ಹಿಂದೂ ಮಹಾಸಾಗರದ ದ್ವೀಪರಾಷ್ಟ್ರವಾದ ಮಾರಿಷಸ್‌ನಲ್ಲಿ ಶಿಕ್ಷಣ, ಬಡತನ ನಿವಾರಣೆ, ಅಂಗವಿಕಲರ ಆರೈಕೆ ಹಾಗೂ ಪರಿಸರ ಸಂರಕ್ಷಣೆಯಲ್ಲಿ ಅನೇಕ ಸ್ವಯಂಸೇವಾ ಸಂಸ್ಥೆಗಳು ತೊಡಗಿವೆ. 1965ರಲ್ಲಿ ಸ್ಥಾಪಿತವಾದ ಮಾರಿಷಸ್ ಸಮಾಜಸೇವಾ ಮಂಡಳಿಯು ಇಂತಹ ಸಂಸ್ಥೆಗಳ ಒಕ್ಕೂಟವಾಗಿದೆ.

ಹಣಕಾಸಿನ ಮೂಲ

2009ರಲ್ಲಿ ಜಾರಿಗೆ ಬಂದ ಕಾನೂನಿನನ್ವಯ ಲಾಭ ಗಳಿಸುವ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಮೀಸಲಿಡುವುದು ಕಡ್ಡಾಯವಾಯಿತು. ಆರಂಭದಲ್ಲಿ ಕಂಪನಿಗಳೇ ಅನುಮೋದಿತ ಸಂಸ್ಥೆಗಳನ್ನು ಆರಿಸಿ ನೆರವು ನೀಡುತ್ತಿದ್ದವು. 2017ರಿಂದ ಈ ನಿಧಿಯ ಕನಿಷ್ಠ ಅರ್ಧಭಾಗವನ್ನು ಕಂದಾಯ ಪ್ರಾಧಿಕಾರಕ್ಕೆ ಪಾವತಿಸಬೇಕಾಯಿತು. ಮುಂದೆ ಈ ಪ್ರಮಾಣವನ್ನು ಶೇ. 75ಕ್ಕೆ ಏರಿಸಲಾಯಿತು. ಹೀಗೆ ಸಂಗ್ರಹವಾದ ಹಣವನ್ನು ಸರ್ಕಾರವು ಸ್ಥಾಪಿಸಿದ ಪ್ರತಿಷ್ಠಾನವು ಸಂಸ್ಥೆಗಳಿಗೆ ಹಂಚುತ್ತದೆ. 2019ರಲ್ಲಿ ಇದಕ್ಕೆ ರಾಷ್ಟ್ರೀಯ ಸಾಮಾಜಿಕ ಒಳಗೊಳ್ಳುವಿಕೆ ಪ್ರತಿಷ್ಠಾನವೆಂದು ಹೆಸರಿಡಲಾಯಿತು.

ಪರಿಣಾಮಗಳು

ಕೇಂದ್ರೀಕೃತ ಹಂಚಿಕೆಯಿಂದ ಕಂಪನಿಗಳ ಪರಿಚಯವಿಲ್ಲದ ಸಣ್ಣ ಸಂಸ್ಥೆಗಳಿಗೂ ಅನುದಾನದ ದಾರಿ ತೆರೆಯಿತು. ಆದರೆ ನಿಧಿಯು ಲಾಭವನ್ನು ಅವಲಂಬಿಸಿರುವುದರಿಂದ, ಆರ್ಥಿಕ ಹಿಂಜರಿತದಲ್ಲಿ ಜನರ ಅಗತ್ಯ ಹೆಚ್ಚಿದಾಗಲೇ ಅದು ಕುಗ್ಗುತ್ತದೆ. ಸ್ವಾಯತ್ತತೆಯ ಪ್ರಶ್ನೆ ಇನ್ನೂ ಜಟಿಲವಾದುದು. 2020ರ ಜುಲೈನಲ್ಲಿ ವಕಾಶಿಯೊ ಹಡಗು ಹವಳದ ದಿಬ್ಬಕ್ಕೆ ಸಿಲುಕಿತು. ಆಗಸ್ಟ್‌ನಲ್ಲಿ ತೈಲ ಸೋರಿದಾಗ ಸ್ವಯಂಸೇವಕರು ಕಬ್ಬಿನ ತರಗು ತುಂಬಿದ ತಡೆಗಳನ್ನು ಹೊಲಿದು ಕಡಲಿಗಿಳಿಸಿದರು. ಅದೇ ತಿಂಗಳು ರಾಜಧಾನಿ ಪೋರ್ಟ್ ಲೂಯಿಯಲ್ಲಿ ಸಾವಿರಾರು ಜನರು ಸರ್ಕಾರದ ವಿಳಂಬವನ್ನು ಖಂಡಿಸಿ ಮೆರವಣಿಗೆ ನಡೆಸಿದರು. ಸರ್ಕಾರಿ ಪ್ರತಿಷ್ಠಾನದ ಅನುದಾನದಿಂದ ನಡೆಯುವ ಸಂಸ್ಥೆಯೊಂದು ಇಂತಹ ಸಂದರ್ಭದಲ್ಲಿ ಸರ್ಕಾರವನ್ನು ಎಷ್ಟರ ಮಟ್ಟಿಗೆ ಪ್ರಶ್ನಿಸಬಲ್ಲದು ಎಂಬುದೇ ಈ ವ್ಯವಸ್ಥೆಯ ಮುಖ್ಯ ತೊಡಕಾಗಿದೆ.