ಮಕ್ಕಳ ಸಿಟ್ಟಿಗೆ ಬೆತ್ತ ಮದ್ದಲ್ಲ

2023ರ ಕೊನೆಯ ಎರಡು ತಿಂಗಳುಗಳಲ್ಲಿ ಕೋಲಾರ ಜಿಲ್ಲೆಯಲ್ಲಿ ನಡೆದ ಎರಡು ಸಂಗತಿಗಳನ್ನು ಸದ್ಭಕ್ತರು ಮರೆತಿರಲಾರರು. ನವೆಂಬರ್ ಆರಂಭದಲ್ಲಿ ಕೋಲಾರ ನಗರದಲ್ಲಿ 17 ವರ್ಷದ ವಿದ್ಯಾರ್ಥಿಯೊಬ್ಬನ ಕೊಲೆಯಾಯಿತು. ಆರೋಪಿಗಳಲ್ಲಿ ಅಪ್ರಾಪ್ತ ವಯಸ್ಸಿನ ಹುಡುಗರಿದ್ದರು. ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛಗೊಳಿಸಿದ ಪ್ರಕರಣ ಬೆಳಕಿಗೆ ಬಂದಿತು. ಬೆನ್ನಿಗೆ ಚೀಲ ಹೊರಿಸಿ, ಕೈ ಮೇಲೆತ್ತಿಸಿ ಮಕ್ಕಳನ್ನು ಮಂಡಿಯೂರಿಸಿದ ದೃಶ್ಯಗಳೂ ಹೊರಬಂದವು. ಪ್ರಾಂಶುಪಾಲರು ಹಾಗೂ ಶಿಕ್ಷಕರೊಬ್ಬರ ಬಂಧನವಾಯಿತು.

ಮೊದಲ ಸುದ್ದಿಯಂಥವನ್ನು ಕೇಳಿದಾಗಲೆಲ್ಲ ಹಿರಿಯರು ಹೇಳುವ ಮಾತೊಂದಿದೆ: "ಮೇಷ್ಟ್ರ ಕೈಯಿಂದ ಬೆತ್ತ ಕಿತ್ತುಕೊಂಡದ್ದೇ ತಪ್ಪಾಯಿತು." ಆ ಮಾತಿಗೆ ಎರಡನೆಯ ಸುದ್ದಿಯೇ ಉತ್ತರ. ಹದ್ದು ಮೀರಿದ ಮಕ್ಕಳೂ ಹದ್ದು ಮೀರಿದ ದಂಡನೆಯೂ ಬೇರೆ ಬೇರೆ ರೋಗಗಳಲ್ಲ. ಬಲವುಳ್ಳವನು ಬಲವಿಲ್ಲದವನನ್ನು ಏನು ಮಾಡಿದರೂ ನಡೆಯುತ್ತದೆ ಎಂಬ ಒಂದೇ ಪಾಠದ ಎರಡು ಫಲಗಳವು. ಹೊಡೆತ ತಿಂದ ಮಗು ಹೊಡೆಯಬಾರದೆಂದು ಕಲಿಯುವುದಿಲ್ಲ. ತನ್ನ ಸರದಿಗಾಗಿ ಕಾಯುವುದನ್ನು ಕಲಿಯುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದು ಸರಿಯಾದ ಕಾನೂನು. ಆದರೆ ಬೆತ್ತವನ್ನು ಕೆಳಗಿಡು ಎಂದ ನಾವು, ಅದರ ಬದಲಿಗೆ ಶಿಕ್ಷಕರ ಕೈಗೆ ಏನನ್ನು ಕೊಟ್ಟೆವು? ಐವತ್ತು ಮಕ್ಕಳ ನಡುವೆ ಇಬ್ಬರು ಹೊಡೆದಾಡಿಕೊಂಡಾಗ ಏನು ಮಾಡಬೇಕೆಂದು ಹೇಳಿಕೊಡುವವರಿಲ್ಲ. ಪೋಷಕರಾದ ನಾವೂ ಶಾಲೆಗೆ ಹೋದರೆ, "ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಬಾರಿಸಿ ಮೇಷ್ಟ್ರೇ" ಎಂದು ಹೇಳಿ ಕೈ ತೊಳೆದುಕೊಂಡು ಬರುತ್ತೇವೆ.

ಇದನ್ನು ಆರೋಗ್ಯದ ವಿಷಯವೆಂದು ಏಕೆ ಬರೆಯುತ್ತಿದ್ದೇವೆ? ಮಗುವಿನ ಸಿಟ್ಟು ಜ್ವರದ ಹಾಗೆ. ಅದರ ಮೂಲ ಬೇರೆಡೆ ಇರುತ್ತದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ನಡುರಾತ್ರಿಯವರೆಗೆ ಮೊಬೈಲು ನೋಡಿದ ಹುಡುಗ ಬೆಳಗ್ಗೆ ಸಣ್ಣ ಮಾತಿಗೂ ಕೆರಳುತ್ತಾನೆ. ರಕ್ತಹೀನತೆಯುಳ್ಳ ಮಗುವಿಗೆ ಆಯಾಸ, ಕಿರಿಕಿರಿ, ಗಮನವಿಲ್ಲದಿರುವಿಕೆ ಸಹಜ. ಮುಳಬಾಗಿಲಿನಲ್ಲಿ ಟೊಮೆಟೊ ಕೊಯ್ಲು, ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ, ಮಾಲೂರಿನಲ್ಲಿ ಕಾರ್ಖಾನೆಯ ಪಾಳಿ ಎಂದು ತಂದೆತಾಯಿ ನಸುಕಿನಲ್ಲೇ ಮನೆ ಬಿಟ್ಟರೆ, ಎಷ್ಟೋ ಮಕ್ಕಳು ಬರಿಹೊಟ್ಟೆಯಲ್ಲಿ ಶಾಲೆಗೆ ಬರುತ್ತಾರೆ. ಮನೆಯಲ್ಲಿ ಕುಡಿತವೋ ಜಗಳವೋ ಇದ್ದರೆ ಆ ಭಯವೂ ಮಗುವಿನೊಡನೆಯೇ ತರಗತಿಗೆ ಬರುತ್ತದೆ. ಶಾಲೆಯ ಬಿಸಿಯೂಟಕ್ಕೆ ಸರ್ಕಾರ ಅಕ್ಷರ ದಾಸೋಹವೆಂದು ಹೆಸರಿಟ್ಟಿದೆ. ಮೊದಲು ಅನ್ನ, ಆಮೇಲೆ ಅಕ್ಷರ ಎಂಬ ವಿವೇಕ ಅದರಲ್ಲಿದೆ.

ಹಾಗೆಂದು ತಪ್ಪನ್ನು ಕಂಡೂ ಕಾಣದಂತಿರಬೇಕೆಂದು ನಾವು ಹೇಳುವುದಿಲ್ಲ. ಹೊಡೆದಾಟವಾದರೆ ಮೊದಲು ಇಬ್ಬರನ್ನೂ ಬೇರ್ಪಡಿಸಿ, ಗಾಯಕ್ಕೆ ಔಷಧ ಹಚ್ಚಬೇಕು. ಉಸಿರು ತಹಬಂದಿಗೆ ಬಂದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪೂರ್ತಿ ಕೇಳಬೇಕು. ಎಲ್ಲರೆದುರು ವಿಚಾರಣೆ ಸಲ್ಲದು. ಅದೇ ದಿನ ಎರಡೂ ಮನೆಯವರಿಗೆ ತಿಳಿಸಬೇಕು. ಮಾಡಿದ ಹಾನಿಯನ್ನು ಮಗುವೇ ಸರಿಪಡಿಸುವಂತಾಗಬೇಕು: ಹರಿದ ಪುಸ್ತಕಕ್ಕೆ ಹೊದಿಕೆ ಹಾಕಲಿ, ನೋಯಿಸಿದವನ ಬಳಿ ಹೋಗಿ ಕ್ಷಮೆ ಕೇಳಲಿ. ಕತ್ತಿ, ಬ್ಲೇಡು, ಗಾಂಜಾ ಕಂಡರೆ ಮುಚ್ಚಿಡದೆ ಹಿರಿಯ ಅಧಿಕಾರಿಗಳಿಗೆ ತಿಳಿಸಲೇಬೇಕು. ಪದೇ ಪದೇ ಕೆರಳುವ ಮಗುವನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ವೈದ್ಯರಿಗೆ ತೋರಿಸಬೇಕು. ಟೆಲಿಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098 ಸಂಖ್ಯೆಗಳನ್ನು ಪ್ರತಿ ಮನೆಯ ಗೋಡೆಯ ಮೇಲೆ ಬರೆದಿಡಿ, ಎರಡೂ ಉಚಿತ.

ಕೆಲವರು ಕೇಳಬಹುದು: ಶರಣರು ಕಾಯಕವನ್ನು ಎತ್ತಿಹಿಡಿದರಲ್ಲ, ಮಕ್ಕಳು ಶಾಲೆ ಗುಡಿಸಿದರೆ ತಪ್ಪೇನು? ಗುರುಗಳೂ ಪೊರಕೆ ಹಿಡಿದು, ಎಲ್ಲ ಮಕ್ಕಳೂ ಸರದಿಯಂತೆ ಅಂಗಳ ಗುಡಿಸಿದರೆ ಅದು ಕಾಯಕ. ತಪ್ಪಿತಸ್ಥರೆಂದು ಕೆಲವರನ್ನೇ ಆರಿಸಿ ಮಾಡಿಸಿದರೆ ಅದು ಅವಮಾನ. ಮಗುವಿಗೂ ಅವಮಾನ, ಕೆಲಸಕ್ಕೂ ಅವಮಾನ. ಶೌಚಗುಂಡಿಯಂತೂ ಯಾರೂ ಇಳಿಯಬೇಕಾದ ಜಾಗವೇ ಅಲ್ಲ. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡಿ, ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಮಲ ಹೊರುವ ಪದ್ಧತಿಯನ್ನು 2013ರ ಕಾಯ್ದೆ ನಿಷೇಧಿಸಿದೆ. ಆ ಪದ್ಧತಿಯ ವಿರುದ್ಧ ಜೀವಮಾನವಿಡೀ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಅವರು ಇದೇ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಹುಟ್ಟಿದವರು. ಅಂಥ ಮಣ್ಣಿನಲ್ಲಿ ಮಕ್ಕಳು ಗುಂಡಿಗೆ ಇಳಿದರೆಂಬುದು ನಮ್ಮೆಲ್ಲರ ತಲೆ ತಗ್ಗಿಸುವ ವಿಷಯ.

ಈ ಮಾತು ಸರ್ಕಾರಿ ಶಾಲೆಗಳಿಗೆ ಮಾತ್ರವಲ್ಲ, ಮಠಗಳ ವಿದ್ಯಾರ್ಥಿನಿಲಯಗಳಿಗೂ ನಮ್ಮ ನಮ್ಮ ಮನೆಗಳಿಗೂ ಸಲ್ಲುತ್ತದೆ. ಭಕ್ತರಲ್ಲಿ ನಮ್ಮ ಬಿನ್ನಹ ಇಷ್ಟೇ: ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ ಸಭೆಗೆ ತಪ್ಪದೆ ಹೋಗಿರಿ. ರಾತ್ರಿ ಮೊಬೈಲನ್ನು ಮಕ್ಕಳ ಕೋಣೆಯಿಂದ ಹೊರಗಿಡಿರಿ. ದಿನಕ್ಕೊಂದು ಹೊತ್ತಾದರೂ ಮಗುವಿನ ಜೊತೆ ಕುಳಿತು ಉಣ್ಣಿರಿ. ಮುಂದಿನ ಸಲ ಮೇಷ್ಟ್ರನ್ನು ಕಂಡಾಗ "ಬಾರಿಸಿ" ಎನ್ನದೆ, "ನಮ್ಮ ಮಗು ಹೇಗಿದೆ, ನಾವೇನು ಮಾಡಬೇಕು?" ಎಂದು ಕೇಳಿರಿ. ಶಿಸ್ತಿನ ಮೊದಲ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.